ವಿನ್ಸ್ಲೋದ ಲಾ ಪೊಸಾಡಾ: ಹಾರ್ವೆ ಹುಡುಗಿಯರು ಬಡಿಸುತ್ತಿದ್ದ ಹೋಟೆಲ್

ಗ್ರ್ಯಾಂಡ್ ಕ್ಯಾನಿಯನ್ ನೋಡೋಕೆ ಅರಿಜೋನಾಗೆ ಬರುವ ನಮ್ಮವರು ಫ್ಲ್ಯಾಗ್‌ಸ್ಟಾಫ್‌ನಲ್ಲಿ ಉಳಿದು ವಾಪಸ್ ಹೋಗಿಬಿಡುತ್ತಾರೆ. ಅಲ್ಲಿಂದ ಪೂರ್ವಕ್ಕೆ ಒಂದು ಗಂಟೆ ಹೋದರೆ ವಿನ್ಸ್ಲೋ. ಅಲ್ಲಿನ ಲಾ ಪೊಸಾಡಾದಲ್ಲಿ ಒಂದು ಊಟವಾದರೂ ಮಾಡಿ.

ಮೇರಿ ಕೋಲ್ಟರ್ ವಿನ್ಯಾಸ ಮಾಡಿದ ಈ ಹೋಟೆಲ್ ಶುರುವಾಗಿದ್ದು 1930ರಲ್ಲಿ. 1957ರಲ್ಲಿ ಮುಚ್ಚಿತು, ಆಮೇಲೆ ರೈಲ್ವೆ ಆಫೀಸಾಯಿತು, 1997ರಲ್ಲಿ ಮತ್ತೆ ತೆರೆಯಿತು. ಇಲ್ಲಿನ ಟರ್ಕಾಯ್ಸ್ ರೂಮ್ ಅನ್ನೋ ರೆಸ್ಟೋರೆಂಟಿನ ಸೂಪ್ ಹೆಸರುವಾಸಿ: ಒಂದೇ ಬಟ್ಟಲಲ್ಲಿ ಅರ್ಧ ಕಪ್ಪು ಬೀನ್ಸ್, ಅರ್ಧ ಮೆಕ್ಕೆಜೋಳ. ಸಸ್ಯಾಹಾರಿಗಳು ಏನನ್ನೇ ಆಗಲಿ ಕೇಳಿಯೇ ಆರ್ಡರ್ ಮಾಡಿ.

ಆದರೆ ನಾನು ಇಲ್ಲಿಗೆ ಹೋಗಿ ಅಂತ ಹೇಳೋದು ಹಿಂದೆ ಇಲ್ಲಿ ಬಡಿಸುತ್ತಿದ್ದ ಹಾರ್ವೆ ಹುಡುಗಿಯರ ಕಥೆಗಾಗಿ. ಸಾಂಟಾ ಫೆ ರೈಲು ಹಾದಿಯಲ್ಲಿ ಫ್ರೆಡ್ ಹಾರ್ವೆ ಊಟದ ಮನೆಗಳನ್ನು ನಡೆಸುತ್ತಿದ್ದ. 1883ರಿಂದ ಬಡಿಸೋಕೆ ಹೆಣ್ಣುಮಕ್ಕಳನ್ನೇ ತೆಗೆದುಕೊಳ್ಳಲು ಶುರುಮಾಡಿದ. 18ರಿಂದ 30 ವರ್ಷದವರು ಬೇಕು ಅಂತ ಪೇಪರಿನಲ್ಲಿ ಜಾಹೀರಾತು. ಮೊದಮೊದಲು ತಿಂಗಳಿಗೆ 17.50 ಡಾಲರ್ ಸಂಬಳ, ಮೇಲೆ ಟಿಪ್ಸ್, ಊಟ ವಸತಿ ಉಚಿತ. ಕಪ್ಪು ಉಡುಪು, ಬಿಳಿ ಏಪ್ರನ್. ರಾತ್ರಿ ಹತ್ತಕ್ಕೆ ಹಾಸ್ಟೆಲಿಗೆ ಸೇರಿರಬೇಕು, ಕರಾರು ಮುಗಿಯುವವರೆಗೆ ಮದುವೆ ಆಗುವಂತಿಲ್ಲ. ಕಟ್ಟುನಿಟ್ಟು ಜಾಸ್ತಿಯೇ ಇತ್ತು, ನನಗೆ ಅದು ಇಷ್ಟವಾಗಲ್ಲ. ಆದರೂ ಹಳ್ಳಿಯ ಹೊಲಗದ್ದೆಯಲ್ಲಿ ಬೆಳೆದ ಹುಡುಗಿಗೆ ಸ್ವಂತ ದುಡಿಮೆ, ಅದರಲ್ಲಿ ಮನೆಗೂ ಕಳಿಸುವಷ್ಟು ಹಣ, ಗೊತ್ತಿಲ್ಲದ ಊರು ನೋಡುವ ಅವಕಾಶ ಆ ಕಾಲದಲ್ಲಿ ಬೇರೆ ಎಲ್ಲಿ ಸಿಗುತ್ತಿತ್ತು ಹೇಳಿ?

ಕೆಲಸ ಮಾತ್ರ ಸುಲಭದ್ದಲ್ಲ. ರೈಲು ನಿಲ್ಲುವುದು ಸುಮಾರು ಅರ್ಧ ಗಂಟೆ. ಎಷ್ಟು ಜನ ಊಟಕ್ಕೆ ಬರುತ್ತಾರೆ ಅಂತ ಮೊದಲೇ ತಂತಿ ಬಂದಿರುತ್ತಿತ್ತು. ಒಬ್ಬಳು ಏನು ಕುಡಿಯುತ್ತೀರಿ ಅಂತ ಕೇಳಿ ಕಪ್ ಸರಿಮಾಡಿ ಇಡುತ್ತಾಳೆ: ಸಾಸರಿನಲ್ಲಿ ನೆಟ್ಟಗಿದ್ದರೆ ಕಾಫಿ, ಬೋರಲು ಹಾಕಿದ್ದರೆ ಬಿಸಿ ಟೀ, ಬೋರಲು ಹಾಕಿ ಸಾಸರಿಗೆ ಒರಗಿಸಿದ್ದರೆ ಐಸ್ ಟೀ. ಹಿಂದೆ ಬರುವವಳು ಕಪ್ ನೋಡಿ ಏನೂ ಕೇಳದೆ ಸುರಿದುಕೊಂಡು ಹೋಗುತ್ತಾಳೆ. ಎಂಥಾ ಚುರುಕು, ಅಲ್ವಾ? ಎರಡನೇ ಮಹಾಯುದ್ಧದಲ್ಲಿ ಸೈನಿಕರ ರೈಲುಗಳು ಒಂದರ ಹಿಂದೆ ಒಂದು ಬಂದಾಗಲೂ ಹೀಗೆ ಓಡಾಡಿ ಬಡಿಸಿದವರು ಇವರೇ.

ಊಟ ಆದ ಮೇಲೆ ಹಿಂದುಗಡೆ ತೋಟದಿಂದ ಹಳಿಯ ಕಡೆ ನಡೆದುಹೋಗಿ. ಆಮ್‌ಟ್ರ್ಯಾಕ್‌ನ ಸೌತ್‌ವೆಸ್ಟ್ ಚೀಫ್ ಅನ್ನೋ ಪ್ರಯಾಣಿಕರ ರೈಲು ಇಲ್ಲಿ ಈಗಲೂ ನಿಲ್ಲುತ್ತದೆ. ರೂಮ್ ತೆಗೆದುಕೊಳ್ಳುವವರು ನೆನಪಿಡಿ, ಗೂಡ್ಸ್ ರೈಲುಗಳು ರಾತ್ರಿಯೆಲ್ಲ ಓಡುತ್ತವೆ. ನಿದ್ದೆ ಸೂಕ್ಷ್ಮ ಇದ್ದವರು ರಸ್ತೆ ಕಡೆಯ ರೂಮ್ ಕೇಳಿ.