ಹಾಯಿದೋಣಿಯಲ್ಲಿ ಚುಕ್ಕಿ: ನಾಯಿಯ ಲೈಫ್ ಜಾಕೆಟ್ ಹೇಗಿದೆ?

ನಾಯಿಗೆ ಈಜು ಬರುತ್ತಲ್ಲ, ಲೈಫ್ ಜಾಕೆಟ್ ಯಾಕೆ ಅಂತ ಕೇಳುವವರು ತುಂಬಾ ಜನ. ಈಜು ಬರುವುದು ಬೇರೆ, ಓಡುತ್ತಿರುವ ದೋಣಿಯನ್ನು ಹಿಡಿಯುವುದು ಬೇರೆ. 5 ನಾಟ್ ವೇಗದಲ್ಲಿರುವ ಹಾಯಿದೋಣಿ ಸೆಕೆಂಡಿಗೆ ಸುಮಾರು 2.5 ಮೀಟರ್ ಮುಂದೆ ಹೋಗುತ್ತದೆ. ನಾಯಿ ಬಿತ್ತು ಅಂತ ಗೊತ್ತಾಗಿ, ಹಗ್ಗ ಸಡಿಲಿಸಿ, ದೋಣಿ ತಿರುಗಿಸಲು ಶುರು ಮಾಡುವಷ್ಟರಲ್ಲಿ 10 ಸೆಕೆಂಡ್ ಹೋದರೂ 25 ಮೀಟರ್ ದೂರವಾಯಿತು. ಅಲೆಗಳ ನಡುವೆ ಒಂದು ಕಂದು ತಲೆಯನ್ನು ಹುಡುಕುವುದು ಸುಲಭ ಅಲ್ಲ. ಹಾಗಾಗಿ ಗೆಳೆಯರ ಜೊತೆ ಇಡೀ ದಿನ ದೋಣಿಯಲ್ಲಿ ಸುತ್ತಲು ಹೊರಟಾಗ ನಮ್ಮ ಚುಕ್ಕಿಗೆ ಕಿತ್ತಳೆ ಬಣ್ಣದ ಜಾಕೆಟ್ ತಗೊಂಡೆ.

ಇದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಬೆನ್ನ ಮೇಲಿನ ಹಿಡಿ. ಕೈಗೆ ನಾಲ್ಕೂ ಬೆರಳು ಪೂರ್ತಿ ಸಿಗುವಷ್ಟು ಅಗಲ ಇದೆ. ಹೊಲಿಗೆ ಬರೀ ಮೇಲಿನ ಬಟ್ಟೆಗೆ ನಿಂತಿಲ್ಲ, ಹೊಟ್ಟೆಯ ಸುತ್ತ ಬರುವ ಪಟ್ಟಿಯವರೆಗೂ ಇಳಿದಿದೆ. ಇದನ್ನು ಕೊಳ್ಳುವ ಮುಂಚೆ ತಿರುಗಿಸಿ ನೋಡಲೇಬೇಕು. ಭಾರ ಬಟ್ಟೆಯ ಮೇಲೆ ಬಿದ್ದರೆ ಹರಿಯುತ್ತದೆ, ಪಟ್ಟಿಯ ಮೇಲೆ ಬಿದ್ದರೆ ತಡೆಯುತ್ತದೆ.

ಹಿಡಿಯ ಬೆಲೆ ಗೊತ್ತಾಗಿದ್ದು ಗಾಳಿಗೆ ಎದುರಾಗಿ ಹೋಗುವಾಗ. ಹಾಯಿದೋಣಿ ಗಾಳಿ ಬರುವ ಕಡೆಗೆ ನೇರವಾಗಿ ಹೋಗಲಾರದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಸಾಗಬೇಕು. ಪ್ರತಿ ಸಲ ದಿಕ್ಕು ಬದಲಿಸಿದಾಗಲೂ ಬೂಮ್ (ಹಾಯಿಯ ಕೆಳಗಂಚನ್ನು ಹಿಡಿದಿರುವ ಅಡ್ಡ ಕೋಲು) ಈ ಕಡೆಯಿಂದ ಆ ಕಡೆಗೆ ಬರುತ್ತದೆ, ಹಗ್ಗಗಳು ಪಟಪಟ ಬಡಿಯುತ್ತವೆ, ವಾಲಿದ್ದ ದೋಣಿ ಇನ್ನೊಂದು ಪಕ್ಕಕ್ಕೆ ವಾಲುತ್ತದೆ. ನಾವು ಕಂಬಿ ಹಿಡಿದುಕೊಳ್ಳುತ್ತೇವೆ. ನಾಯಿ ಏನು ಹಿಡಿದುಕೊಳ್ಳಬೇಕು? ನುಣ್ಣನೆಯ ನೆಲದ ಮೇಲೆ ಅದರ ಉಗುರು ನಿಲ್ಲುವುದೇ ಇಲ್ಲ. ಚುಕ್ಕಾಣಿ ಹಿಡಿದವಳು "ತಿರುಗಿಸ್ತೀನಿ" ಅಂತ ಕೂಗಿದ ಕೂಡಲೇ ನಮ್ಮಲ್ಲಿ ಒಬ್ಬ ಚುಕ್ಕಿಯ ಹಿಡಿಗೆ ಕೈ ಹಾಕುತ್ತಿದ್ದ. ಅವಳನ್ನು ತಗ್ಗಿಸಿ, ಆ ಬದಿಗೆ ದಾಟಿಸಿ, ಆಮೇಲೆ ತಾನು ಕೂರುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಕೂಗು ಕೇಳಿದರೆ ಚುಕ್ಕಿಯೇ ಅವನ ಕಾಲ ಹತ್ತಿರ ಬಂದು ನಿಲ್ಲಲು ಕಲಿತಳು. ಜಾಣೆ!

ಲಂಗರು ಹಾಕಿದ ಮೇಲೆ ಅವಳನ್ನು ಈಜಲು ಬಿಟ್ಟೆವು. ಜಾಕೆಟ್ ಇಲ್ಲದೆ ಈಜುವಾಗ ಅವಳ ಹಿಂಭಾಗ ಮುಳುಗಿ, ಮುಂಗಾಲು ನೀರಿನ ಮೇಲೆ ಬಡಿಯುತ್ತಾ ಬೇಗ ಸುಸ್ತಾಗುತ್ತಾಳೆ. ಇದರಲ್ಲಿ ಬೆನ್ನು ಸಮವಾಗಿ ನಿಂತಿತು, ನಿಧಾನವಾಗಿ ಕಾಲಾಡಿಸಿದಳು. ವಾಪಸ್ ಹತ್ತಿಸುವಾಗ ಮತ್ತೆ ಆ ಹಿಡಿಯೇ ಬೇಕಾಯಿತು. ಏಣಿಯ ಕಂಬಿಗಳು ಮನುಷ್ಯರ ಪಾದಕ್ಕೆ ಮಾಡಿದವು, ನಾಯಿಗೆ ಹತ್ತಲು ಬರುವುದಿಲ್ಲ. ಗೆಳೆಯ ಹಿಂಬದಿಯಲ್ಲಿ ಹೊಟ್ಟೆ ಮೇಲೆ ಮಲಗಿ, ಉದ್ದ ಕೊಕ್ಕೆಯಿಂದ ಹಿಡಿಯನ್ನು ಎಳೆದು, ಎರಡೂ ಕೈಯಲ್ಲಿ ಎತ್ತಿದ. 18 ಕಿಲೋ ನಾಯಿ, ಮೇಲೆ ಒದ್ದೆ ಕೂದಲು. ಜಾಕೆಟ್ ಒಂದು ಚೂರೂ ಕುತ್ತಿಗೆ ಕಡೆ ಜಾರಲಿಲ್ಲ. ಇನ್ನೂ ದೊಡ್ಡ ನಾಯಿಯಾದರೆ ಒಬ್ಬರ ಕೈಯಲ್ಲಿ ಆಗದು, ಎರಡು ಹಿಡಿ ಇರುವ ಜಾಕೆಟ್ ನೋಡಿ.

ಬೇಸರ ತಂದದ್ದು ಗದ್ದದ ಕೆಳಗಿನ ತೇಲುವ ತುಂಡು. ಮೂಗು ನೀರಿನ ಮೇಲಿರಲಿ ಅಂತ ಅದನ್ನು ಇಡುತ್ತಾರೆ, ಉದ್ದೇಶ ಸರಿ. ಆದರೆ ಇಲ್ಲಿ ಅದು ದಪ್ಪ, ಜೊತೆಗೆ ಹೊಲಿದುಬಿಟ್ಟಿದ್ದಾರೆ. ನಾಯಿ ಮೈ ತಂಪು ಮಾಡಿಕೊಳ್ಳುವುದೇ ಬಾಯಿ ತೆರೆದು ಏದುಸಿರು ಬಿಟ್ಟು. ಬಿಸಿಲಲ್ಲಿ ಆ ತುಂಡು ಗದ್ದಕ್ಕೆ ಒತ್ತಿ ಚುಕ್ಕಿಗೆ ಕಿರಿಕಿರಿ ಆಯಿತು. ತೆಗೆದಿಡಲು ಬರುವ ಹಾಗೆ ಮಾಡಿದ್ದರೆ ನಾನು ಪೂರ್ತಿ ಅಂಕ ಕೊಡುತ್ತಿದ್ದೆ. ಫೋಮ್ ಜಾಕೆಟ್ ಸೆಕೆ ಜಾಸ್ತಿ ಮಾಡುತ್ತದೆ ಅನ್ನುವುದೂ ನಿಜ. ದೋಣಿ ನಿಂತಿದ್ದಾಗ ಬಿಚ್ಚಿ, ಹಾಯಿಯ ನೆರಳಲ್ಲಿ ಮಲಗಿಸಿ, ಕುಡಿಯಲು ಸಿಹಿನೀರು ಇಟ್ಟೆವು. ಬಾಯಾರಿದರೆ ನಾಯಿಗಳು ಉಪ್ಪುನೀರಿಗೆ ಬಾಯಿ ಹಾಕುತ್ತವೆ, ಜಾಸ್ತಿ ಕುಡಿದರೆ ಜೀವಕ್ಕೇ ಅಪಾಯ.

ಪಟ್ಟಿಯ ಉಂಗುರಕ್ಕೆ ಹಗ್ಗ ಕಟ್ಟಿ ಅಂಚಿನ ಕಂಬಿಗೆ ಬಿಗಿಯಬೇಡಿ. ನಾಯಿ ಹೊರಗೆ ಹಾರಿದರೆ ನೇತಾಡುತ್ತದೆ. ಕಟ್ಟಲೇಬೇಕಾದರೆ ದೋಣಿಯ ನಡುವೆ, ಅಂಚು ಮುಟ್ಟದಷ್ಟು ಗಿಡ್ಡವಾಗಿ ಕಟ್ಟಿ.

ಮನುಷ್ಯರ ಜಾಕೆಟ್‌ಗೆ ಮಾನ್ಯತೆ ಕೊಡುವ ಅಮೆರಿಕದ ಕೋಸ್ಟ್ ಗಾರ್ಡ್ ನಾಯಿಯ ಜಾಕೆಟ್‌ಗೆ ಕೊಡುವುದಿಲ್ಲ. ಹಾಗಾಗಿ ಪರೀಕ್ಷೆ ನಮ್ಮ ಕೈಯಲ್ಲೇ. ಮುಂಗಾಲ ಹಿಂದೆ ಎದೆಯ ಸುತ್ತಳತೆ ತೆಗೆದು ಅಳತೆ ಆರಿಸಿ, ತೂಕ ಮಾತ್ರ ನೋಡಿ ತಗೋಬೇಡಿ. ಪಟ್ಟಿಯ ಕೆಳಗೆ ಎರಡು ಬೆರಳು ಹೋಗಬೇಕು. ನೆಲದ ಮೇಲೇ ಹಿಡಿಯಿಂದ ಒಂದು ಗೇಣು ಎತ್ತಿ ನೋಡಿ: ಮೂತಿ ಕೆಳಗೆ ವಾಲಬಾರದು, ಕುತ್ತಿಗೆ ಬಿಗಿಯಬಾರದು. ಆಮೇಲೆ ಆಳವಿಲ್ಲದ ನೀರಿನಲ್ಲಿ ಅಭ್ಯಾಸ ಮಾಡಿಸಿ. ಮನೆಗೆ ಬಂದ ಮೇಲೆ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ವೆಲ್ಕ್ರೋದಲ್ಲಿ ಸಿಕ್ಕಿದ ಕೂದಲನ್ನು ಹಳೇ ಬ್ರಷ್‌ನಿಂದ ತೆಗೆಯಿರಿ. ಕೂದಲು ತುಂಬಿದರೆ ಅದು ಅಂಟುವುದೇ ಇಲ್ಲ.