ಸ್ವತಂತ್ರ ಕೆಲಸದ ಟ್ರೇ ಸೆಟ್: ಉಡುಪಿಯ ವಿಶೇಷ ತರಗತಿಯೊಂದರ ಅನುಭವ

ಉಡುಪಿಯ ನಮ್ಮ ವಿಶೇಷ ಶಾಲೆಗೆ ಕಳೆದ ಶೈಕ್ಷಣಿಕ ವರ್ಷದ ಆರಂಭದಲ್ಲಿ, ಮಂಗಳೂರಿನ ಕಲಿಕಾ ಸಾಮಗ್ರಿಗಳ ಅಂಗಡಿಯೊಂದರಿಂದ, ಮಗು ಯಾರೂ ಹೇಳದೆ ತಾನಾಗಿಯೇ ಕೆಲಸ ಮಾಡಿ ಮುಗಿಸಲು ನೆರವಾಗುವ ಸ್ವತಂತ್ರ ಕೆಲಸದ ಸೆಟ್ಟೊಂದನ್ನು ತರಿಸಿಕೊಂಡೆವು. ಪ್ಲಾಸ್ಟಿಕ್ ರ್ಯಾಕ್, ಅಂಕಿ ಅಂಟಿಸಿದ ಟ್ರೇಗಳು, ಮುಗಿದ ಕೆಲಸವನ್ನು ಹಾಕಲು ದೊಡ್ಡ ಬುಟ್ಟಿ, ವೆಲ್ಕ್ರೋ ಪಟ್ಟಿಯ ಫಲಕ ಮತ್ತು ಚಿತ್ರಕಾರ್ಡುಗಳು ಅದರಲ್ಲಿವೆ.

ಇದರ ಹಿಂದಿರುವುದು ಮನಃಶಾಸ್ತ್ರಜ್ಞ ಎರಿಕ್ ಶಾಪ್ಲರ್ ಮತ್ತು ಅವರ ಸಂಗಡಿಗರು ಆಟಿಸಂ ಇರುವ ಮಕ್ಕಳಿಗಾಗಿ ರೂಪಿಸಿದ, 1972ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದಾದ್ಯಂತ ಜಾರಿಗೆ ಬಂದ ಟೀಚ್ (TEACCH) ಕಾರ್ಯಕ್ರಮದ ವಿಧಾನ. ಯಾವ ಕೆಲಸ, ಎಷ್ಟು ಕೆಲಸ, ಮುಗಿಯಿತೆಂದು ತಿಳಿಯುವುದು ಹೇಗೆ, ಮುಂದೇನು ಎಂಬ ನಾಲ್ಕು ಪ್ರಶ್ನೆಗಳಿಗೆ ಯಾರೂ ಬಾಯಿಬಿಟ್ಟು ಹೇಳದೆಯೇ ಮಗುವಿಗೆ ಉತ್ತರ ಸಿಗಬೇಕು. ಈ ವಿಷಯದಲ್ಲಿ ಸೆಟ್ಟಿನ ರಚನೆ ನಿಜಕ್ಕೂ ಮೆಚ್ಚುವಂಥದ್ದು. ಮಗು ಫಲಕದಿಂದ ಅಂಕಿಯ ಕಾರ್ಡನ್ನು ಕಿತ್ತು, ಎಡಗಡೆಯ ರ್ಯಾಕಿನಲ್ಲಿ ಅದೇ ಅಂಕಿಯ ಟ್ರೇಗೆ ಅಂಟಿಸಿ, ಟ್ರೇಯನ್ನು ಮೇಜಿಗೆ ತಂದು, ಕೆಲಸ ಮುಗಿಸಿ ಬಲಗಡೆಯ ಬುಟ್ಟಿಗೆ ಹಾಕುತ್ತದೆ. ಫಲಕದಲ್ಲಿ ಕಾರ್ಡುಗಳು ಕಡಿಮೆಯಾಗುತ್ತಾ ಬರುವುದೇ ಎಷ್ಟು ಉಳಿದಿದೆ ಎಂಬುದರ ಲೆಕ್ಕ. ಕೊನೆಯಲ್ಲಿ ಉಳಿಯುವುದು ಉಯ್ಯಾಲೆಯ ಚಿತ್ರ; ಮುಂದೇನು ಎಂಬುದಕ್ಕೆ ಅದೇ ಉತ್ತರ. ಪ್ರತಿ ಟ್ರೇಯ ನಂತರ ನನ್ನ ಮುಖ ನೋಡುತ್ತಾ ನಾನು ತಲೆಯಾಡಿಸುವವರೆಗೂ ಕಾಯುತ್ತಿದ್ದ ಹುಡುಗನೊಬ್ಬ ಈಗ ಮುಂದಿನ ಕಾರ್ಡಿನತ್ತ ತಾನಾಗಿಯೇ ಕೈಚಾಚುತ್ತಾನೆ.

ಆದರೆ ಈ ಬದಲಾವಣೆ ಸೆಟ್ಟಿನಿಂದಷ್ಟೇ ಬಂದದ್ದಲ್ಲ, ಮತ್ತು ಜೊತೆಗಿರುವ ಕೈಪಿಡಿ ಮೌನವಾಗಿರುವುದು ಇಲ್ಲಿಯೇ. ಶಿಕ್ಷಕಿಯ ಪಕ್ಕದಲ್ಲಿ ಕುಳಿತು ಚೆನ್ನಾಗಿ ಕಲಿತಾದ ಕೆಲಸವನ್ನು ಮಾತ್ರ ಈ ಟ್ರೇಗಳಲ್ಲಿಡಬೇಕು. ಹೊಸ ಪಾಠಕ್ಕೆ ಇದು ಜಾಗವಲ್ಲ. ನೆರವು ಬೇಕಾದಾಗ ಮಗುವಿನ ಹಿಂದೆ ನಿಂತು, ಮಾತನಾಡದೆ, ಮೊಣಕೈಯನ್ನು ಮೆಲ್ಲಗೆ ಮುಂದಕ್ಕೆ ಸರಿಸಿ, ದಿನ ಕಳೆದಂತೆ ಆ ಸ್ಪರ್ಶವನ್ನೂ ಬಿಡಬೇಕು. ಎದುರು ಕುಳಿತು "ಇದನ್ನು ತೆಗೆದುಕೋ" ಎನ್ನುತ್ತಿದ್ದರೆ ಮಗು ಆ ಮಾತಿಗೇ ಕಾಯುವುದನ್ನು ಕಲಿಯುತ್ತದೆ. ಇಷ್ಟು ಮುಖ್ಯವಾದ ಸಂಗತಿಗೆ ಒಂದು ಪುಟವನ್ನೂ ಮೀಸಲಿಡದಿರುವುದು ದೊಡ್ಡ ಕೊರತೆ.

ಚಿತ್ರಕಾರ್ಡುಗಳು ನಮ್ಮ ಮಕ್ಕಳಿಗೆ ಹೊಂದುವುದಿಲ್ಲ. ಸ್ಟ್ರಾಬೆರಿ, ಹಿಮದ ಕೈಗವಸುಗಳನ್ನು ವಿಂಗಡಿಸುವುದಕ್ಕಿಂತ ಪೇರಳೆ, ಅನಾನಸು, ಬಂಗುಡೆ ಮೀನುಗಳ ಫೋಟೊಗಳು ಮೇಲು. ನಾವು ಅವನ್ನೇ ಮಾಡಿಕೊಂಡೆವು. ದೊಡ್ಡ ಮಕ್ಕಳ ಟ್ರೇಗಳಲ್ಲಿ ನಟ್ಟು-ಬೋಲ್ಟು ಜೋಡಿಸುವ, ಬಟ್ಟೆಯ ಕ್ಲಿಪ್ಪುಗಳನ್ನು ಬಣ್ಣದಂತೆ ಸಿಕ್ಕಿಸುವ, ಕುಚ್ಚಲಕ್ಕಿಯಿಂದ ಹೆಸರುಕಾಳನ್ನು ಬೇರ್ಪಡಿಸುವ ಕೆಲಸಗಳನ್ನಿಟ್ಟೆವು. (ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವ ಮಕ್ಕಳಿಗೆ ಕಾಳುಗಳನ್ನು ಕೊಡಕೂಡದು.)

ಕರಾವಳಿಯವರು ಗಮನಿಸಬೇಕಾದ ಇನ್ನೊಂದು ವಿಷಯ ಮಳೆಗಾಲದ್ದು. ಜುಲೈ ಹೊತ್ತಿಗೆ ತೇವಕ್ಕೆ ವೆಲ್ಕ್ರೋದ ಅಂಟು ಬಿಟ್ಟು ಕಾರ್ಡಿನ ಜೊತೆ ಪಟ್ಟಿಯೇ ಕಿತ್ತು ಬರತೊಡಗಿತು. ಲ್ಯಾಮಿನೇಷನ್ನಿನ ಅಂಚು ಬಾಯಿಬಿಟ್ಟು ಒಳಗೆ ಬೂಷ್ಟು ಹಿಡಿಯಿತು. ಕ್ರಮ ತಪ್ಪಿದರೆ ಕಂಗಾಲಾಗುವ ಮಗುವಿಗೆ ಇದು ಸಣ್ಣ ತೊಂದರೆಯಲ್ಲ. ಟೈಲರ್ ಒಬ್ಬರಿಂದ ದಪ್ಪ ಬಟ್ಟೆಗೆ ವೆಲ್ಕ್ರೋ ಹೊಲಿಸಿ ಫಲಕ ಮಾಡಿಸಿದ ಮೇಲೆ ಸರಿಹೋಯಿತು.

ರ್ಯಾಕ್ ಮತ್ತು ಟ್ರೇಗಳು ಗಟ್ಟಿಯಾಗಿವೆ, ತೊಳೆಯಲು ಸುಲಭ. ಅಂಗಡಿಯವರು ಅವನ್ನು ಬಿಡಿಯಾಗಿಯೂ ಮಾರುತ್ತಾರೆ. ಅಷ್ಟನ್ನೇ ಕೊಂಡು, ಕಾರ್ಡುಗಳಿಗೆ ತಗಲುವ ಹಣವನ್ನು ಮಕ್ಕಳ ಮನೆಯ ವಸ್ತುಗಳ ಫೋಟೊ ತೆಗೆಸಲು ಬಳಸಿ ಎಂದು ಸಹೋದ್ಯೋಗಿಗಳಿಗೆ ಹೇಳುತ್ತೇನೆ.