ಹೊಳೆಗೆಂದು ಹುಟ್ಟಿದ ಪೀವಿ, ನೆಲದ ಮೇಲಿನ ಕೆಲಸದಲ್ಲಿ

ಯಂತ್ರದ ನೆರವಿಲ್ಲದೆ ದಪ್ಪ ದಿಮ್ಮಿಯನ್ನು ಉರುಳಿಸಬೇಕಾದವರಿಗೆ ಪೀವಿಗಿಂತ ಒಳ್ಳೆಯ ಕೈಉಪಕರಣ ಇನ್ನೊಂದಿಲ್ಲ ಎಂದು ಅದನ್ನು ಮಾರುವವರು ಹೇಳುತ್ತಾರೆ. ಐದು ಅಡಿ ಉದ್ದದ ಕಾವಿರುವ ಒಂದು ಪೀವಿಯನ್ನು ಹಸಿ ನೆಲದಲ್ಲಿಯೂ ಗಟ್ಟಿ ಅಂಗಳದಲ್ಲಿಯೂ ಸಾಕಷ್ಟು ಬಳಸಿ ನೋಡಿದ ಮೇಲೆ, ಈ ಮಾತಿನಲ್ಲಿ ಹೆಚ್ಚಿನ ಪಾಲು ನಿಜವೆಂದು ಒಪ್ಪುತ್ತೇನೆ. ಒಪ್ಪಲಾಗದಿರುವುದು ಅದರ ಜೊತೆಗೆ ಬರುವ ಪ್ರಚಾರದ ಇನ್ನೊಂದು ಪಾಲನ್ನು, ಅಂದರೆ ಹೊಳೆಯಲ್ಲಿ ದಿಮ್ಮಿ ಸಾಗಿಸುತ್ತಿದ್ದ ಆಳುಗಳ ಜೀವವನ್ನು ಈ ಉಪಕರಣ ಕಾಪಾಡಿತು ಎಂಬ ಹೊಗಳಿಕೆಯನ್ನು.

ನೋಡಲು ಪೀವಿ ಬಹಳ ಸರಳವಾದ ವಸ್ತು. ಬುಡದಲ್ಲಿ ದಪ್ಪಗಿದ್ದು ತುದಿಗೆ ಸಣ್ಣದಾಗುತ್ತಾ ಹೋಗುವ ಗಟ್ಟಿಮರದ ಕಾವು, ಅದರ ಬುಡವನ್ನು ಬಿಗಿಯಾಗಿ ಹಿಡಿದಿರುವ ಕಬ್ಬಿಣದ ತೊಡಪು, ಆ ತೊಡಪಿನ ತುದಿಯಲ್ಲಿ ಒಂದು ಚೂಪಾದ ಮೊನೆ, ಮತ್ತು ಬದಿಯಲ್ಲಿ ಬೋಲ್ಟಿನ ಮೇಲೆ ತಿರುಗುವ ಬಾಗಿದ ಕೊಕ್ಕೆ. ಇಷ್ಟೇ ಅದರ ಅಂಗಗಳು. ಕೊಕ್ಕೆಯ ಮೂತಿ ತೊಗಟೆಯನ್ನು ಕಚ್ಚಿದ ನಂತರ ಕಾವಿನ ತುದಿಯನ್ನು ತಳ್ಳಿದರೆ, ಕಾವು ಸನ್ನೆಗೋಲಾಗಿ ಇಡೀ ದಿಮ್ಮಿಯನ್ನು ತಿರುಗಿಸುತ್ತದೆ. ನಲವತ್ತು ಸೆಂಟಿಮೀಟರ್ ದಪ್ಪ, ನಾಲ್ಕು ಮೀಟರ್ ಉದ್ದದ ದಿಮ್ಮಿಯೆಂದರೆ ಅರ್ಧ ಘನ ಮೀಟರ್ ಮರ. ಅದು ಹಸಿ ಗಟ್ಟಿಮರವಾಗಿದ್ದರೆ ತೂಕ ನಾನೂರು ಐನೂರು ಕಿಲೋಗ್ರಾಂ ಮುಟ್ಟುತ್ತದೆ. ಸಮತಟ್ಟಾದ ನೆಲದಲ್ಲಿ ಅಂಥದ್ದನ್ನು ಒಬ್ಬನೇ ಆಳು ಉಸಿರುಗಟ್ಟದೆ ಉರುಳಿಸಬಹುದು ಎಂಬುದು ಈ ಉಪಕರಣದ ಮೊದಲ ಮತ್ತು ದೊಡ್ಡ ಗುಣ.

ಎರಡನೆಯ ಗುಣ ಕೊಕ್ಕೆಯ ಚಲನೆಯಲ್ಲಿದೆ, ಮತ್ತು ಅದನ್ನು ಅರಿಯಲು ಅಮೆರಿಕದ ಮೇನ್ ರಾಜ್ಯದ ಪೆನಾಬ್ಸ್ಕಾಟ್ ನದಿಯ ಕಡೆಗೆ ನೋಡಬೇಕಾಗುತ್ತದೆ. ಚಳಿಗಾಲದಲ್ಲಿ ಕಡಿದ ಮರವನ್ನು ದಡದಲ್ಲಿ ರಾಶಿ ಹಾಕಿ, ವಸಂತದಲ್ಲಿ ಹಿಮ ಕರಗಿ ಹೊಳೆ ಏರಿದಾಗ ನೀರಿಗೆ ಬಿಟ್ಟು, ಬ್ಯಾಂಗರ್ ಸುತ್ತಲಿನ ಗರಗಸದ ಗಿರಣಿಗಳಿಗೆ ತೇಲಿಸಿಕೊಂಡು ಹೋಗುವುದು ಅಲ್ಲಿನ ಪದ್ಧತಿಯಾಗಿತ್ತು. ಆಗ ದಿಮ್ಮಿ ಉರುಳಿಸಲು ಬಳಸುತ್ತಿದ್ದ ಗೋಲಿನಲ್ಲಿ ಕೊಕ್ಕೆಯು ಸಡಿಲವಾದ ಬಳೆಯೊಂದಕ್ಕೆ ತೂಗುಬಿದ್ದಿರುತ್ತಿದ್ದುದರಿಂದ, ಅದು ಮೇಲಕ್ಕೂ ಕೆಳಕ್ಕೂ ಮಾತ್ರವಲ್ಲದೆ ಅಕ್ಕಪಕ್ಕಕ್ಕೂ ಓಲಾಡುತ್ತಿತ್ತು; ಬೇಕಾದ ಕಡೆ ಅದು ಕಚ್ಚುವಂತೆ ಮಾಡುವುದೇ ಒಂದು ಕೆಲಸವಾಗುತ್ತಿತ್ತು. ಸ್ಟಿಲ್‌ವಾಟರ್ ಎಂಬ ಊರಿನ ಕಮ್ಮಾರ ಜೋಸೆಫ್ ಪೀವಿ 1858ರ ಸುಮಾರಿಗೆ ಈ ಕೊಕ್ಕೆಯನ್ನು ಬೋಲ್ಟಿನಿಂದ ಗಟ್ಟಿಯಾಗಿ ಕೂರಿಸಿ, ಅದು ಮೇಲಕ್ಕೂ ಕೆಳಕ್ಕೂ ಅಷ್ಟೇ ಚಲಿಸುವಂತೆ ಮಾಡಿದ. ಗೋಲಿನ ಬುಡಕ್ಕೆ ಮೊನೆಯನ್ನೂ ಸೇರಿಸಿದ. ಇಂದು ಕೈಗೆ ಸಿಗುವ ಪೀವಿಯಲ್ಲಿ ಆ ವಿನ್ಯಾಸ ಹೆಚ್ಚುಕಡಿಮೆ ಹಾಗೆಯೇ ಉಳಿದಿದೆ. ದಿಮ್ಮಿಯ ಮೇಲೆ ಗೋಲನ್ನು ಇಟ್ಟೊಡನೆ ಕೊಕ್ಕೆ ತಾನಾಗಿ ತನ್ನ ಜಾಗಕ್ಕೆ ಬೀಳುತ್ತದೆ, ಎರಡೂ ಕೈಗಳು ಕಾವಿನ ಮೇಲೆಯೇ ಇರುತ್ತವೆ. ಒಳ್ಳೆಯ ಉಪಕರಣದಿಂದ ಇದಕ್ಕಿಂತ ಹೆಚ್ಚಿನದನ್ನು ನಾನು ಕೇಳುವುದಿಲ್ಲ.

ಆದರೆ ಹೊಳೆಯಲ್ಲಿ ಈ ಸುಧಾರಣೆ ಏನು ಮಾಡಿತು ಎಂಬುದನ್ನು ಮಾರಾಟದ ಪುಟಗಳು ಹೇಳುವಷ್ಟು ಸುಲಭವಾಗಿ ಹೇಳಲಾಗದು. ಬಂಡೆಗೋ ತಿರುವಿಗೋ ಸಿಕ್ಕಿ ದಿಮ್ಮಿಗಳು ಒಂದರ ಮೇಲೊಂದು ಏರಿ ಕಟ್ಟಿಕೊಂಡಾಗ, ಹಿಂದಿನಿಂದ ನೀರು ನೂಕುತ್ತಲೇ ಇರುತ್ತದೆ. 1886ರಲ್ಲಿ ಮಿನ್ನೆಸೋಟ ಮತ್ತು ವಿಸ್ಕಾನ್ಸಿನ್ ರಾಜ್ಯಗಳ ಗಡಿಯಲ್ಲಿ ಹರಿಯುವ ಸೇಂಟ್ ಕ್ರೋಯ್ ನದಿಯಲ್ಲಿ ಹೀಗೆ ಕಟ್ಟಿಕೊಂಡ ರಾಶಿಯನ್ನು ಬಿಡಿಸಲು ವಾರಗಟ್ಟಲೆ ಹಿಡಿಯಿತು. ಸಾಮಾನ್ಯವಾಗಿ ಇಂಥ ರಾಶಿಯ ಮುಂಭಾಗಕ್ಕೆ ಆಳುಗಳು ಇಳಿದು, ಇಡೀ ಒತ್ತಡವನ್ನು ತಡೆದು ನಿಂತಿರುವ ಒಂದೆರಡು ದಿಮ್ಮಿಗಳನ್ನು ಗುರುತಿಸಿ, ಪೀವಿಯಿಂದ ಅವನ್ನು ಬಿಡಿಸುತ್ತಿದ್ದರು, ಅದಾಗದಿದ್ದರೆ ಸಿಡಿಮದ್ದು. ದಿಮ್ಮಿ ಸಡಿಲಗೊಂಡ ಕ್ಷಣದಲ್ಲಿ ಹಿಂದಿನ ರಾಶಿಯೆಲ್ಲ ಹೊರಟುಬಿಡುತ್ತಿತ್ತು, ಬಿಡಿಸಿದವನು ಮೊಳೆ ಬಡಿದ ಬೂಟುಗಳ ಹಿಡಿತವೊಂದನ್ನೇ ನಂಬಿ, ಉರುಳುವ ದಿಮ್ಮಿಗಳ ಮೇಲೆ ದಡಕ್ಕೆ ಓಡಬೇಕಾಗಿತ್ತು. ಜೀವರಕ್ಷಕ ಕವಚವಾಗಲಿ ತಲೆಗೆ ಕಾಪಾಗಲಿ ಇರಲಿಲ್ಲ. ನೀರು ಹಿಮ ಕರಗಿದ್ದು. ಪೀವಿಯು ಆಳಿನ ಕೆಲಸವನ್ನು ಚುರುಕುಗೊಳಿಸಿತು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಅವನನ್ನು ರಾಶಿಯ ಮುಂಭಾಗದಿಂದ ದೂರ ಇಡಲಿಲ್ಲ, ಅಲ್ಲಿಗೇ ಇನ್ನಷ್ಟು ಧೈರ್ಯದಿಂದ ಇಳಿಯುವಂತೆ ಮಾಡಿತು ಎಂದೇ ನನ್ನ ಅಭಿಪ್ರಾಯ. ಅವನನ್ನು ದೂರವಿಡಬಲ್ಲದ್ದು ಕೆಲಸದ ನಿಯಮ, ಮತ್ತು ಆ ಕಾಲದಲ್ಲಿ ಅಂಥ ನಿಯಮವೇ ಇರಲಿಲ್ಲ. ಕೆಲಸಕ್ಕೆ ಸೇರಿದವನು ಅದರ ಅಪಾಯವನ್ನೂ ಒಪ್ಪಿಕೊಂಡಂತೆಯೇ ಎಂದು ನ್ಯಾಯಾಲಯಗಳು ಎಣಿಸುತ್ತಿದ್ದವು. ದಿಮ್ಮಿ ಸಾಗಾಟಕ್ಕೆ ಹೆಸರಾಗಿದ್ದ ವಿಸ್ಕಾನ್ಸಿನ್‌ನಲ್ಲಿ ಕಾರ್ಮಿಕ ಪರಿಹಾರದ ಕಾಯ್ದೆ ಬಂದದ್ದು 1911ರಲ್ಲಿ, ಇಡೀ ದೇಶಕ್ಕೆ ಅನ್ವಯಿಸುವ ಕಾರ್ಮಿಕ ಸುರಕ್ಷತೆಯ ಕಾಯ್ದೆ ಬಂದದ್ದು 1970ರಲ್ಲಿ. ಮೇನ್‌ನ ಹೊಳೆಗಳಲ್ಲಿ ದಿಮ್ಮಿ ತೇಲಿಸುವುದು 1976ರಲ್ಲಿ ಕೆನಬೆಕ್ ನದಿಯ ಕೊನೆಯ ಸಾಗಾಟದೊಂದಿಗೆ ನಿಂತುಹೋಯಿತು. ಅದನ್ನು ನಿಲ್ಲಿಸಿದ ಕಾನೂನಿನ ಹಿಂದೆ ಇದ್ದದ್ದು ಮುಖ್ಯವಾಗಿ ನದಿಯ ನೀರಿನ ಕಾಳಜಿ, ತಳದಲ್ಲಿ ಕೊಳೆಯುತ್ತಿದ್ದ ತೊಗಟೆ ಮತ್ತು ಮುಳುಗಿದ ಮರದ ಕಾಳಜಿ.

ನೆಲದ ಮೇಲೆಯೂ ಈ ಉಪಕರಣಕ್ಕೆ ತನ್ನದೇ ಅಪಾಯವಿದೆ, ಮತ್ತು ಅದರ ಜೊತೆ ಬರುವ ಚೀಟಿಯಲ್ಲಿ ಈ ಬಗ್ಗೆ ಒಂದು ಸಾಲೂ ಇರಲಿಲ್ಲ. ಕೊಕ್ಕೆ ಕಚ್ಚಿರುವಾಗ ದಿಮ್ಮಿ ಹಿಂದಕ್ಕೆ ಉರುಳಿದರೆ ಐದು ಅಡಿಯ ಕಾವೂ ಅದರೊಡನೆ ಬೀಸಿಬರುತ್ತದೆ; ಹಿಡಿದವನ ದವಡೆಗೋ ಪಕ್ಕೆಗೋ ಅದು ತಾಗಬಹುದು. ಆದ್ದರಿಂದ ಇಳಿಜಾರಿನಲ್ಲಿ ಯಾವಾಗಲೂ ಮೇಲಿನ ಬದಿಯಲ್ಲಿಯೇ ನಿಲ್ಲಬೇಕು, ಕಾವನ್ನು ಎರಡು ಕಾಲುಗಳ ನಡುವೆ ಬರಗೊಡಬಾರದು, ಮತ್ತು ದಿಮ್ಮಿ ಕೈಮೀರಿತೆಂದು ಕಂಡೊಡನೆ ಗೋಲನ್ನು ಬಿಟ್ಟುಬಿಡಬೇಕು. ಗೋಲು ಮುರಿದರೆ ಬೇರೆ ಕಾವು ಹಾಕಿಸಬಹುದು.

ಸಣ್ಣಪುಟ್ಟ ದೂರುಗಳೂ ಇವೆ. ಕಾವಿಗೆ ಬಳಿದಿದ್ದ ವಾರ್ನಿಷ್ ದಪ್ಪಗಿದ್ದು, ಬೆವರಿದ ಕೈಯಲ್ಲಿ ಜಾರುತ್ತಿತ್ತು. ಮರಳುಕಾಗದದಿಂದ ಅದನ್ನೆಲ್ಲ ಕೆರೆದು ಅಗಸೆ ಎಣ್ಣೆ ಸವರಿದ ಮೇಲೆ ಹಿಡಿತ ಸರಿಯಾಯಿತು. ಕೊಕ್ಕೆಯ ಬೋಲ್ಟು ಬಳಸುತ್ತಾ ಸಡಿಲವಾಗುತ್ತದೆ, ಅದನ್ನು ಆಗಾಗ ಬಿಗಿಮಾಡದಿದ್ದರೆ ಹಳೆಯ ಬಳೆಯ ಕೊಕ್ಕೆಯ ಓಲಾಟವೇ ಮರಳಿ ಬರುತ್ತದೆ. ಒಣ ಹವೆಯಲ್ಲಿ ಮರ ಕುಗ್ಗಿ ತೊಡಪಿನೊಳಗೆ ಕಾವು ಅಲುಗಿದ್ದೂ ಉಂಟು. ಕಬ್ಬಿಣದ ಭಾಗದ ಬಗ್ಗೆ ಮಾತ್ರ ಯಾವ ದೂರೂ ಇಲ್ಲ: ಬಡಿದು ಮಾಡಿದ ಉಕ್ಕು, ಮೂತಿ ಮೊಂಡಾದಾಗ ಅರದಿಂದ ಉಜ್ಜಿದರೆ ಸಾಕು.

ಕೊಳ್ಳುವವರು ಯೋಚಿಸಬೇಕಾದ ಮುಖ್ಯ ವಿಷಯ ಬುಡದ ಮೊನೆ. ಹೊಳೆಯಲ್ಲಿ ಅದು ಎರಡು ದಿಮ್ಮಿಗಳ ನಡುವೆ ತೂರಿಸಿ ಮೀಟಲು, ತೇಲುವ ಮರಕ್ಕೆ ಚುಚ್ಚಿ ಎಳೆಯಲು ಬೇಕಾಗಿತ್ತು; ಇಂದಿಗೂ ಕೆಸರು ನೆಲದಲ್ಲಿ ರಾಶಿಯಿಂದ ದಿಮ್ಮಿ ಬಿಡಿಸುವಾಗ ಅದರ ಬೆಲೆ ತಿಳಿಯುತ್ತದೆ. ಕಾಂಕ್ರೀಟು ಹಾಸಿದ ಅಂಗಳದಲ್ಲಿ, ಅಥವಾ ತೊಗಟೆ ತೆಗೆದ ಒಳ್ಳೆಯ ನಾಟದ ಮೇಲೆ, ಅದೇ ಮೊನೆ ಬರೀ ಕಿರಿಕಿರಿ: ನೆಲದ ಮೇಲೆ ಜಾರುತ್ತದೆ, ಮರದ ಮೈಯಲ್ಲಿ ತೂತು ಉಳಿಸುತ್ತದೆ. ಅಂಥ ಕೆಲಸವೇ ಹೆಚ್ಚಾಗಿರುವವರು ಮೊನೆಯ ಬದಲು ಮೊಂಡು ಹಲ್ಲಿರುವ ಕ್ಯಾಂಟ್ ಹುಕ್ ಕೊಳ್ಳುವುದು ಜಾಣತನ. ಗರಗಸದ ಗಿರಣಿಯಲ್ಲಿ ಅದಕ್ಕೇ ಹೆಚ್ಚು ಬಳಕೆ. ಎರಡರಲ್ಲಿ ಯಾವುದನ್ನು ಆರಿಸಿದರೂ ಕಾವಿನ ನಾರು ಬುಡದಿಂದ ತುದಿಯವರೆಗೆ ನೇರವಾಗಿ ಹರಿದಿದೆಯೇ, ಗಂಟುಗಳಿಲ್ಲವೇ ಎಂದು ಬೆಳಕಿನಲ್ಲಿ ಹಿಡಿದು ನೋಡಿ, ಕೊಕ್ಕೆಯನ್ನು ಪಕ್ಕಕ್ಕೆ ಅಲುಗಾಡಿಸಿ ಪರೀಕ್ಷಿಸಿ, ಆಮೇಲೆ ಹಣ ಕೊಡುವುದು ಒಳ್ಳೆಯದು.